ಹೆಸರು ಪೂರಾ ಓದು

ಪುಣೆಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರಾದರೂ ಊರು ಕೇಳಿದರೆ ನಾನು "ಕಲ್ಯಾಣದ ಹತ್ರ" ಅಂದುಬಿಡುತ್ತಿದ್ದೆ. ನಮ್ಮ ಕಡೆ ಬಸವಕಲ್ಯಾಣವನ್ನು ಪೂರ್ತಿ ಹೆಸರಿನಿಂದ ಕರೆಯುವುದು ಬಸ್ಸಿನ ಬೋರ್ಡು ಮಾತ್ರ. ಉಳಿದವರಿಗೆಲ್ಲ ಅದು ಬರೀ ಕಲ್ಯಾಣ. ಕೇಳಿದವರು "ಅಯ್ಯೋ, ಹಾಗಾದ್ರೆ ಬೆಳಿಗ್ಗೆ ಟ್ರೇನ್ ಹತ್ತಿದ್ರೆ ಮಧ್ಯಾಹ್ನ ಊಟಕ್ಕೆ ಮನೇಲಿರ್ತೀಯ" ಅನ್ನುತ್ತಿದ್ದರು. ಅವರ ತಲೆಯಲ್ಲಿದ್ದದ್ದು ಮುಂಬೈ ಪಕ್ಕದ ಕಲ್ಯಾಣ. ನನ್ನ ಕಲ್ಯಾಣಕ್ಕೆ ರೈಲೇ ಇಲ್ಲ. ರೈಲು ಬೇಕೆಂದರೆ ಹುಮನಾಬಾದಿಗೆ ಬರಬೇಕು, ಅದೂ ಬೀದರ್–ಕಲಬುರಗಿ ಮಾರ್ಗ 2017ರಲ್ಲಿ ಪೂರ್ತಿಯಾದ ಮೇಲಿನ ಮಾತು.

ಆ ಗೊಂದಲದಿಂದ ಯಾರಿಗೂ ನಷ್ಟವಾಗಲಿಲ್ಲ, ನಗಾಡಿದ್ದೇ ಲಾಭ. ಆದರೆ ಹೆಸರಿನ ಅರ್ಧ ಕೇಳಿ ಉಳಿದರ್ಧವನ್ನು ತಾನೇ ಊಹಿಸಿಕೊಳ್ಳುವ ಚಾಳಿ ನನಗೂ ಇದೆ. ಅದರಿಂದ ಒಬ್ಬ ಹೆಣ್ಣುಮಗಳ ತೊಗರಿ ಹಾಳಾಗಿದೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಈ ಸಲ ದೀಪಾವಳಿಯಲ್ಲಿ ಹೇಳಬೇಕಾಯಿತು. ಹೇಳಿಸಿದ್ದು ಅಮೆರಿಕದ ಒಂದು ಡಬ್ಬಿ ಬಂದೂಕಿನ ಮದ್ದು.

ರಾತ್ರಿ ಒಂಬತ್ತಾಗಿತ್ತು. ಹೊರಗೆ ಓಣಿಯ ಹುಡುಗರು ಪಟಾಕಿ ಹಚ್ಚುತ್ತಿದ್ದರು. ಟೆಕ್ಸಾಸಿನಿಂದ ಅತ್ತಿ ಮಗ ವಿಡಿಯೊ ಕಾಲ್ ಮಾಡಿದ. ನನಗಿಂತ ಆರು ವರ್ಷ ದೊಡ್ಡವನು, ನಾನು ಅಣ್ಣ ಅಂತಲೇ ಕರೆಯೋದು. ಅಲ್ಲಿ ಶನಿವಾರ ಬೆಳಿಗ್ಗೆ. ಗ್ಯಾರೇಜಿನ ಟೇಬಲ್ಲಿನ ಮೇಲೆ ಹಿತ್ತಾಳೆಯ ಖಾಲಿ ತೋಟಾಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಕೂತಿದ್ದ. ನವೆಂಬರ್ ಬಂದರೆ ಅಲ್ಲಿ ಜಿಂಕೆ ಬೇಟೆಯ ಸೀಸನ್. ಲೈಸೆನ್ಸ್, ಸೀಸನ್, ಲೆಕ್ಕ ಎಲ್ಲ ಕಾನೂನುಬದ್ಧ. ಹೊಡೆದು ಖಾಲಿಯಾದ ತೋಟಾಕ್ಕೆ ಹೊಸ ಪ್ರೈಮರ್ ಕೂರಿಸಿ, ಅಳತೆ ಮಾಡಿ ಪೌಡರ್ ಸುರಿದು, ಮೇಲೆ ಗುಂಡು ಒತ್ತಿ ಮತ್ತೆ ಬಳಸುವುದಕ್ಕೆ ರಿಲೋಡಿಂಗ್ ಅನ್ನುತ್ತಾರೆ. ಅಂಗಡಿ ತೋಟಾಕ್ಕಿಂತ ಅಗ್ಗ, ತನ್ನ ಬಂದೂಕಿಗೆ ಹೊಂದುವಂತೆ ಮಾಡಿಕೊಳ್ಳಲೂಬಹುದು. ನಮ್ಮ ಕಡೆ ಬಂದೂಕು ಅಂದರೆ ಚುನಾವಣೆ ಘೋಷಣೆಯಾದಾಗ ಠಾಣೆಗೆ ಒಪ್ಪಿಸಿ ಬರುವ ವಸ್ತು. ಅಲ್ಲಿ ಜನ ಅದಕ್ಕೆ ಮನೆಯಲ್ಲೇ ಅಡುಗೆ ಮಾಡಿ ಬಡಿಸುತ್ತಾರೆ.

"ಮಾಮಾ, ನೋಡ್ರಿ ನಮ್ಮ ಕಾರ್ಖಾನಿ" ಅಂತ ಅಪ್ಪನಿಗೆ ಎಲ್ಲ ತೋರಿಸಿದ. ಅಪ್ಪನದು ಹುಮನಾಬಾದಿನಲ್ಲಿ ಬೀಜ-ಗೊಬ್ಬರದ ಅಂಗಡಿ. ಬಂದೂಕಿನ ಗಂಧ ಗಾಳಿ ಗೊತ್ತಿಲ್ಲ. ಆದರೆ ಡಬ್ಬಿ, ತಕ್ಕಡಿ, ಅಳತೆ ಕಂಡರೆ ಕಣ್ಣು ಹೊಳೆಯುತ್ತದೆ. ಒಂದು ಕಾಳು ಅಕ್ಕಿಗಿಂತ ಕಡಿಮೆ ತೂಗುವ ತಕ್ಕಡಿ ನೋಡಿ ಖುಷಿಯಾದರು. ಅಲ್ಲಿ ತೂಕದ ಲೆಕ್ಕ ಗ್ರಾಮಿನಲ್ಲಲ್ಲ, ಗ್ರೇನಿನಲ್ಲಿ. 7,000 ಗ್ರೇನ್ ಸೇರಿದರೆ ಒಂದು ಪೌಂಡ್.

ಅಣ್ಣ ಹೇಳುತ್ತಾ ಹೋದ. ಅವನ ತರ್ಟಿ-ಆಟ್-ಸಿಕ್ಸ್ ರೈಫಲ್ಲಿಗೆ ಎಚ್ 4350 ಅನ್ನುವ ಪೌಡರ್ ಚೆನ್ನಾಗಿ ಹೊಂದುತ್ತದಂತೆ. ಬಿಸಿಲಿಗೂ ಚಳಿಗೂ ಹೆಚ್ಚು ವ್ಯತ್ಯಾಸ ತೋರಿಸುವುದಿಲ್ಲ, ಟೆಕ್ಸಾಸಿನ ಸೆಕೆಗೆ ಅದೇ ಸರಿ. ಆದರೆ ಕೊರೊನಾ ನಂತರ ಅಲ್ಲಿ ಪೌಡರಿಗೆ ಬರ. ನಾಲ್ಕು ಅಂಗಡಿ ಸುತ್ತಿದರೂ ಸಿಗಲಿಲ್ಲ. "ಆದ್ರ ಐಎಂಆರ್ 4350 ಸಿಕ್ತು ಮಾಮಾ. ಅದೂ 4350, ಇದೂ 4350. ಇವತ್ತ ಇಪ್ಪತ್ತು ತೋಟಾ ಮಾಡಿ ಇಡ್ಲತ್ತೀನಿ."

ನಾನು ಫೋನ್ ಹಿಡಿದಿದ್ದೆ. ಅಪ್ಪ ಪಕ್ಕದಲ್ಲಿ ಕೂತು ಚಿವ್ಡಾ ತಿನ್ನುತ್ತಿದ್ದರು. ತಿನ್ನುವುದು ನಿಲ್ಲಿಸಿದರು.

"ಅಳತಿ ಎಲ್ಲಿಂದ ತಗೊಂಡಿ?"

"ಪುಸ್ತಕದಾಗ ಅದ ಮಾಮಾ."

"ಪುಸ್ತಕದಾಗ ಯಾವ ಹೆಸರು ಅದ? ಡಬ್ಬಿ ಮ್ಯಾಲೆ ಯಾವ ಹೆಸರು ಅದ? ಎರಡೂ ಪೂರಾ ಓದು."

ಅಣ್ಣ ನಕ್ಕ. ಪುಸ್ತಕದಲ್ಲಿ ಎಚ್, ಡಬ್ಬಿಯ ಮೇಲೆ ಐಎಂಆರ್. "ನಂಬರ್ ಒಂದೇ ಅದ ಅಲ್ರಿ" ಅಂದ. ಅಪ್ಪ "ತಡಿ, ಇನ್ನಾ ಸುರೀಬ್ಯಾಡ" ಅಂದವರೇ ನನ್ನ ಕಡೆ ತಿರುಗಿ, "ನೀ ನೋಡು. ಕಂಪನಿಯವರು ಏನ್ ಬರದಾರ ನೋಡು" ಅಂದರು.

ಆ ರಾತ್ರಿ ಒಂದೂವರೆ ತಾಸು ನಾನು ಪೌಡರ್ ತಯಾರಕರ ಮಾಹಿತಿ ಓದುತ್ತಾ ಕೂತೆ. ಮೊದಲು ತಿಳಿದದ್ದು ಹೆಸರಿನ ಕತೆ. ಐಎಂಆರ್ ಅಂದರೆ 'ಇಂಪ್ರೂವ್ಡ್ ಮಿಲಿಟರಿ ರೈಫಲ್', ಡ್ಯೂಪಾಂಟ್ ಕಂಪನಿಯವರು ಇಟ್ಟ ಹೆಸರು. 4350, 4831, 4895 ಇವೆಲ್ಲ ಮೂಲದಲ್ಲಿ ಆ ಮನೆಯ ನಂಬರುಗಳು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕ್ಯಾನ್ಸಸ್ಸಿನ ಬ್ರೂಸ್ ಹಾಡ್ಜ್‌ಡನ್ ಎಂಬಾತ ಸರ್ಕಾರದಲ್ಲಿ ಮಿಕ್ಕ ಯುದ್ಧದ ಪೌಡರನ್ನು ಕೊಂಡು ಬೇಟೆಗಾರರಿಗೆ ಅಗ್ಗಕ್ಕೆ ಮಾರಲು ಶುರು ಮಾಡಿದ. ಅದಕ್ಕೆ ತನ್ನ ಹೆಸರಿನ ಮೊದಲ ಅಕ್ಷರ 'ಎಚ್' ಸೇರಿಸಿದ, ಜನಕ್ಕೆ ಗೊತ್ತಿದ್ದ ನಂಬರನ್ನು ಹಾಗೇ ಉಳಿಸಿಕೊಂಡ. ಅವನ 4831 ಅಂತೂ 20 ಮಿಲಿಮೀಟರ್ ಫಿರಂಗಿ ಗುಂಡುಗಳಿಂದ ಬಂದದ್ದು. ಆಮೇಲೆ 1970ರ ದಶಕದಲ್ಲಿ ಡ್ಯೂಪಾಂಟಿನವರು ಐಎಂಆರ್ 4831 ಮಾರುಕಟ್ಟೆಗೆ ಬಿಟ್ಟರು. ನಂಬರ್ ಅದೇ, ಆದರೆ ಇದು ಎಚ್ 4831ಗಿಂತ ಬೇಗ ಉರಿಯುವ ಪೌಡರ್. ಎಚ್ ಪೌಡರಿನ ಗರಿಷ್ಠ ಅಳತೆಯನ್ನು ಈ ಪೌಡರಿಗೆ ಬಳಸಿದರೆ ಒತ್ತಡ ಮಿತಿ ದಾಟುತ್ತದೆ. 4350ರ ಜೋಡಿಯಲ್ಲಿ ಅಂತರ ಅಷ್ಟು ದೊಡ್ಡದಲ್ಲ, ಆದರೆ ದಿಕ್ಕು ಅದೇ: ಐಎಂಆರ್ ಸ್ವಲ್ಪ ಚುರುಕು. 2003ರಿಂದ ಐಎಂಆರ್ ಕೂಡ ಹಾಡ್ಜ್‌ಡನ್ ಕಂಪನಿಯ ಕೈಗೇ ಬಂದಿದೆ. ಒಂದೇ ಮನೆಯವರು ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ, ಬೇರೆ ಬೇರೆ ಅಳತೆಪಟ್ಟಿಯ ಜೊತೆ ಮಾರುತ್ತಾರೆ. ಒಂದೇ ಆಗಿದ್ದರೆ ಎರಡು ಪಟ್ಟಿ ಯಾಕೆ ಬೇಕಿತ್ತು?

ಬೇಗ ಉರಿದರೆ ಏನಾಗುತ್ತದೆ? ಇದನ್ನು ಅಪ್ಪನಿಗೆ ಅರ್ಥ ಮಾಡಿಸಲು ಹೋಗಿ ನನಗೇ ಅರ್ಥವಾಯಿತು. ಈ ಪೌಡರ್ ಹಿಟ್ಟಿನ ಹಾಗಿರುವುದಿಲ್ಲ. ಶ್ಯಾವಿಗೆಯನ್ನು ಎಳ್ಳಿನಷ್ಟು ಸಣ್ಣಗೆ ಕತ್ತರಿಸಿದಂತಿರುತ್ತದೆ. ತುಂಡಿನ ಉದ್ದ, ದಪ್ಪ, ನಡುವಿನ ತೂತು, ಮೇಲಿನ ಲೇಪ ಇವೆಲ್ಲ ಸೇರಿ ಅದು ಎಷ್ಟು ಬೇಗ ಉರಿಯಬೇಕೆಂದು ತೀರ್ಮಾನಿಸುತ್ತವೆ. ಒತ್ತಡ ಏರಿದಷ್ಟೂ ಅದು ಇನ್ನೂ ಜೋರಾಗಿ ಉರಿಯುತ್ತದೆ, ಜೋರಾಗಿ ಉರಿದಷ್ಟೂ ಒತ್ತಡ ಏರುತ್ತದೆ. ಗುಂಡು ನಳಿಗೆಯಲ್ಲಿ ಮುಂದೆ ಸರಿದು ಜಾಗ ಮಾಡಿಕೊಡುವುದರಿಂದ ಅದು ಹಿಡಿತದಲ್ಲಿರುತ್ತದೆ. ಎಲ್ಲವೂ ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸಿನಲ್ಲಿ ಮುಗಿಯುವ ಆಟ. ಪೌಡರ್ ಬೇಕಾದ್ದಕ್ಕಿಂತ ಚುರುಕಾದರೆ ಗುಂಡು ಜಾಗ ಬಿಡುವ ಮೊದಲೇ ಒತ್ತಡ ತುತ್ತತುದಿಗೆ ಹೋಗಿರುತ್ತದೆ. ತರ್ಟಿ-ಆಟ್-ಸಿಕ್ಸಿಗೆ ನಿಗದಿಯಾದ ಗರಿಷ್ಠ ಒತ್ತಡ ಚದರ ಇಂಚಿಗೆ 60,000 ಪೌಂಡ್. ಸಸ್ತಾಪುರ ಬಂಗ್ಲಾದಲ್ಲಿ ಹೈವೇ ಲಾರಿಗಳ ಟೈರಿಗೆ ಹೊಡೆಯುವ ಗಾಳಿ ನೂರು, ನೂರಿಪ್ಪತ್ತು ಪೌಂಡ್. ಅದರ ಐನೂರು ಪಟ್ಟು. ಲಾರಿ ಟೈರ್ ಸಿಡಿದರೆ ಏನಾಗುತ್ತದೆಂದು ಆ ರೋಡಿನಲ್ಲಿ ಬೆಳೆದವರಿಗೆ ಹೇಳಬೇಕಿಲ್ಲ. ಬಂದೂಕು ಕೆನ್ನೆಗೆ ಒತ್ತಿಕೊಂಡಿರುವ ವಸ್ತು.

ಇನ್ನೊಂದು ವಿಷಯ ನನ್ನನ್ನು ನಗಿಸಿತು. ಹೆಸರು ಬೇರೆಯಿದ್ದೂ ಒಳಗಿನ ಪೌಡರ್ ಒಂದೇ ಇರುವುದೂ ಉಂಟು. ವಿಂಚೆಸ್ಟರ್ 760 ಮತ್ತು ಎಚ್ 414 ಒಂದೇ ಮಾಲು, ಹೆಸರು ಎರಡು. ಎಚ್ 4350 ತಯಾರಾಗುವುದು ಆಸ್ಟ್ರೇಲಿಯಾದಲ್ಲಿ, ಅಲ್ಲಿನ ಅಂಗಡಿಯಲ್ಲಿ ಅದರ ಹೆಸರು ಎಆರ್ 2209. ಅಂದರೆ ಹೆಸರು ಹೋಲಿದರೆ ಒಂದೇ ಅಂತಲೂ ಇಲ್ಲ, ಹೋಲದಿದ್ದರೆ ಬೇರೆ ಅಂತಲೂ ಇಲ್ಲ. ಊಹೆ ಮಾಡಿ ತಿಳಿಯುವ ದಾರಿಯೇ ಇಲ್ಲಿಲ್ಲ. ಡಬ್ಬಿಯ ಮೇಲಿನ ಪೂರ್ತಿ ಹೆಸರಿಗೆ ತಯಾರಕರು ಕೊಟ್ಟ ಪಟ್ಟಿ ಯಾವುದೋ ಅದನ್ನೇ ಹಿಡಿಯಬೇಕು, ಅದರಲ್ಲೂ ಕೆಳಗಿನ ಅಳತೆಯಿಂದ ಶುರು ಮಾಡಬೇಕು. ಅದೇ ಹೆಸರಿನ ಹೊಸ ಡಬ್ಬಿ ತೆರೆದಾಗಲೂ ಕೆಳಗಿನಿಂದಲೇ ಶುರು ಮಾಡಿ ಅನ್ನುತ್ತಾರೆ, ಯಾಕೆಂದರೆ ಒಂದು ಬ್ಯಾಚಿಗೂ ಇನ್ನೊಂದಕ್ಕೂ ಸಣ್ಣ ವ್ಯತ್ಯಾಸ ಇರುತ್ತದೆ.

ನಮ್ಮ ಭಾಷೆಯಲ್ಲೂ ಈ ತೊಡಕು ಇದೆ. ಪುಣೆಯ ನನ್ನ ರೂಮ್‌ಮೇಟ್ ಪುತ್ತೂರಿನವನು. ಜ್ವರ ಬಂದರೆ "ಮದ್ದು ತಗೊಂಡೆ" ಅನ್ನುತ್ತಾನೆ. ನಮ್ಮ ಕಡೆ ಮದ್ದು ಅಂದರೆ ಗುಂಡಿನ ಜೊತೆಗಿನ ಮದ್ದು, ಇಲ್ಲವೇ ಯಾರಿಗಾದರೂ ಊಟದಲ್ಲಿ ಹಾಕಿದರು ಅನ್ನುವ ಮದ್ದು. ಬಂದೂಕಿನ ಮದ್ದಿನಲ್ಲೂ ಎರಡು ಜಾತಿ. ಕಲ್ಯಾಣದ ಕೋಟೆಯ ತೋಪಿಗೆ ತುಂಬುತ್ತಿದ್ದದ್ದು ಪೆಟ್ಲುಪ್ಪು, ಗಂಧಕ, ಇದ್ದಿಲು ಬೆರೆಸಿದ ಕಪ್ಪು ಮದ್ದು. 1472–73ರಲ್ಲಿ ಬೀದರಿನ ವಜೀರ ಮಹಮೂದ್ ಗವಾನ್ ಬೆಳಗಾವಿ ಕೋಟೆಯ ಗೋಡೆಗೆ ಸುರಂಗ ತೋಡಿಸಿ ಸಿಡಿಸಿದ್ದೂ ಅದನ್ನೇ. ಕೊಡಗಿನ ಹಳೆಯ ಕೇಪಿನ ಕೋವಿಗೆ ಹಾಕುವುದೂ ಅದೇ. ಈಗಿನ ರೈಫಲ್ಲಿನ ಹೊಗೆಯಿಲ್ಲದ ಪೌಡರ್ ಬೇರೆಯೇ ವಸ್ತು. ಅದನ್ನು ಕಪ್ಪು ಮದ್ದಿನ ಅಳತೆಯಲ್ಲಿ ಹಳೇ ಕೋವಿಗೆ ಸುರಿದರೆ ನಳಿಗೆ ಒಡೆದು ಕೈಯೇ ಹೋಗಬಹುದು. ಕನ್ನಡದಲ್ಲಿ ಎರಡೂ ಮದ್ದೇ.

ಇಷ್ಟನ್ನೂ ಅಣ್ಣನಿಗೆ ಹೇಳಿದೆ. ಅವನು ಇಂಜಿನಿಯರ್, ತಕ್ಷಣ ಒಪ್ಪುವ ಜಾತಿಯಲ್ಲ. "4350ಕ್ಕ ಅಷ್ಟೇನೂ ಫರಕ್ ಇಲ್ಲಂತ ನೀನೇ ಹೇಳ್ದಿ. ಏನೂ ಆಗಲ್ಲ ಬಿಡೋ ತಮ್ಮಾ" ಅಂದ. ನಿಜ ಹೇಳಬೇಕೆಂದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಇಪ್ಪತ್ತು ಗುಂಡು ಹೊಡೆದು, ಜಿಂಕೆ ಹೊತ್ತು ಮನೆಗೆ ಬರುತ್ತಿದ್ದ. ಆಮೇಲೆ ಮುಂದಿನ ವರ್ಷ 4831 ಸಿಗದೇ ಹೋದಾಗಲೂ ಇದೇ ಧೈರ್ಯ ಮಾಡುತ್ತಿದ್ದ. ಅವನು ತೆಗೆದುಕೊಂಡದ್ದು ಪುಸ್ತಕದ ಗರಿಷ್ಠ ಅಳತೆ, ಅದನ್ನು ಆಮೇಲೆ ಒಪ್ಪಿಕೊಂಡ.

ಆಗ ಅಪ್ಪ ಫೋನ್ ತಮ್ಮ ಕೈಗೆ ತೆಗೆದುಕೊಂಡರು. "ನನ್ನಿಂದ ಒಮ್ಮೆ ಹಿಂಗೇ ಆಗಿತ್ತಪ್ಪ" ಅಂತ ಶುರು ಮಾಡಿದರು. ನನ್ನ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು. ಯಾವ ಕತೆ ಅಂತ ಗೊತ್ತಿತ್ತು.

ಹನ್ನೆರಡು ವರ್ಷದ ಹಿಂದಿನ ಮಾತು, ಶ್ರಾವಣ. ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದೆ. ಕಲ್ಯಾಣದ ಕಡೆಯ ಒಂದು ಹಳ್ಳಿಯ ರೈತ ಕಬ್ಬಿನ ಕಸಕ್ಕೆ ಎಣ್ಣಿ ಒಯ್ಯಲು ಅಂಗಡಿಗೆ ಬಂದ. ನಮ್ಮ ಕಡೆ ಹೊಲಕ್ಕೆ ಹೊಡೆಯುವುದೆಲ್ಲ ಎಣ್ಣಿಯೇ: ಹುಳಕ್ಕೂ ಎಣ್ಣಿ, ರೋಗಕ್ಕೂ ಎಣ್ಣಿ, ಕಸಕ್ಕೂ ಎಣ್ಣಿ. ಅಪ್ಪ ಚೀಟಿಯಲ್ಲಿ '2,4-ಡಿ ಅಮೈನ್ ಸಾಲ್ಟ್ 58%' ಅಂತ ಬರೆದುಕೊಟ್ಟು ಬ್ಯಾಂಕಿಗೆ ಹೋಗಿದ್ದರು. ಕಪಾಟಿನಲ್ಲಿ ಅದು ಮುಗಿದಿತ್ತು. ಪಕ್ಕದಲ್ಲೇ '2,4-ಡಿ ಇಥೈಲ್ ಎಸ್ಟರ್ 38%' ಇತ್ತು. ದೊಡ್ಡ ಅಕ್ಷರದಲ್ಲಿ ಎರಡರ ಮೇಲೂ 2,4-ಡಿ. ರೈತನಿಗೆ ಬಸ್ಸಿನ ಗಡಿಬಿಡಿ, ನನಗೆ ಫೋನಿನ ಗಡಿಬಿಡಿ. "ಎರಡೂ ಒಂದೇ ರೀ" ಅಂತ ಕೊಟ್ಟೆ.

ಒಂದೇ ಅಲ್ಲ. 2,4-ಡಿ ಹುಲ್ಲಿನ ಜಾತಿಯ ಕಬ್ಬು, ಜೋಳಕ್ಕೆ ತೊಂದರೆ ಕೊಡುವುದಿಲ್ಲ. ಅಗಲ ಎಲೆಯ ಕಸವನ್ನು ಕೊಲ್ಲುತ್ತದೆ. ತೊಗರಿ ಕೂಡ ಅಗಲ ಎಲೆಯದೇ. ಸಾಲ್ಟ್ ರೂಪದ್ದು ಬಿದ್ದಲ್ಲಿ ಇರುತ್ತದೆ, ಗಾಳಿಗೆ ಹನಿ ಹಾರದಂತೆ ಹೊಡೆದರೆ ಸಾಕು. ಎಸ್ಟರ್ ರೂಪದ್ದು ಬಿಸಿಲಿಗೆ ಆವಿಯಾಗುತ್ತದೆ. ಹೊಡೆದು ಮನೆಗೆ ಹೋದ ಮೇಲೂ ಎದ್ದು ಪಕ್ಕದ ಹೊಲಕ್ಕೆ ಹೋಗುತ್ತದೆ. ಆ ವಾರ ಮಳೆ ಬಿಡುವು ಕೊಟ್ಟು ಬಿಸಿಲು ಕಾದಿತ್ತು, ಅವನು ಹೊಡೆದದ್ದೂ ಮಧ್ಯಾಹ್ನವೇ. ಒಡ್ಡಿನ ಆಚೆ ಒಬ್ಬ ಗಂಡನಿಲ್ಲದ ಹೆಣ್ಣುಮಗಳ ಎರಡು ಎಕರೆ ತೊಗರಿ. ನಾಲ್ಕು ದಿನದಲ್ಲಿ ಒಡ್ಡಿನ ಕಡೆಯ ಗಿಡಗಳ ತುದಿ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡವು. ಅಪ್ಪ ಬೈಕ್ ತೆಗೆದುಕೊಂಡು ನನ್ನನ್ನೂ ಕೂರಿಸಿಕೊಂಡು ಹೋಗಿದ್ದರು. ಆಕೆ ಬೈಯಲಿಲ್ಲ. ಒಂದು ಗಿಡ ಹಿಡಿದು "ಇದ್ಕ ಏನಾತ್ರಿ ಸಾವುಕಾರ್ರ?" ಅಂತ ಕೇಳಿದಳು, ಅಷ್ಟೇ. ಅಪ್ಪ "ನನ್ನ ತಪ್ಪಾಗ್ಯದ ಅವ್ವಾ, ಬ್ಯಾರೆ ಎಣ್ಣಿ ಕೊಟ್ಟೀನಿ" ಅಂದರು. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಆ ವರ್ಷ ಉದ್ರಿ ಪುಸ್ತಕದಲ್ಲಿ ಆಕೆಯ ಹೆಸರಿನ ಪುಟಕ್ಕೆ ಅಡ್ಡಗೆರೆ ಎಳೆದು, ಮುಂದಿನ ಹಂಗಾಮಿನ ಬೀಜವನ್ನೂ ಕೊಟ್ಟರು. ಐವತ್ತು ದಾಟಿದ ಮೇಲೆ ಅಪ್ಪ ಹೈದರಾಬಾದಿನ ಮ್ಯಾನೇಜ್ ಸಂಸ್ಥೆಯವರು ಅಂಗಡಿಕಾರರಿಗೆ ನಡೆಸುವ ಒಂದು ವರ್ಷದ ಡಿಪ್ಲೊಮಾಕ್ಕೆ ಸೇರಿ, ವಾರಕ್ಕೊಮ್ಮೆ ನೋಟ್‌ಬುಕ್ ಹಿಡಿದು ಕ್ಲಾಸಿಗೆ ಹೋದರು. ಆವತ್ತಿನಿಂದ ಅಂಗಡಿಯಲ್ಲಿ ಒಂದೇ ನಿಯಮ: ಕೊಡುವ ಮೊದಲು ಹೆಸರು ಪೂರಾ ಓದು, ಗಟ್ಟಿಯಾಗಿ ಓದು, ಕೊನೆಯ ಅಕ್ಷರದ ತನಕ.

ಫೋನಿನಲ್ಲಿ ಅಪ್ಪ ಇದನ್ನೆಲ್ಲ ಹೇಳಿ "ನಾ ಮಾಡಿದ ತಪ್ಪು ನೀ ಮಾಡಬ್ಯಾಡ" ಅಂತ ಮುಗಿಸಿದರು. ಹನ್ನೆರಡು ವರ್ಷವಾದರೂ ಅದೇ ಸುಳ್ಳನ್ನು ಅಷ್ಟೇ ಸಲೀಸಾಗಿ ಹೇಳಿದರು.

"ಅಪ್ಪ ಅಲ್ಲ ಅಣ್ಣಾ. ಕೊಟ್ಟಾಂವ ನಾನು" ಅಂದೆ.

ಅಣ್ಣ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಅಪ್ಪ ನನ್ನ ಮುಖ ನೋಡದೆ ಚಿವ್ಡಾದ ತಟ್ಟೆಯನ್ನು ಸರಿಸಿದರು. "ಕೈ ನಿಂದಿತ್ತು, ಅಂಗಡಿ ಬೋರ್ಡ್ ಮ್ಯಾಲಿನ ಹೆಸರು ನಂದಲ್ಲೇನು?" ಅಂದರು. ಆಮೇಲೆ ಎದ್ದು ಮಲಗಲು ಹೋದರು.

ಮರುದಿನ ನಾನು ಒಬ್ಬನೇ ಬೈಕಿನಲ್ಲಿ ಆ ಹಳ್ಳಿಗೆ ಹೋದೆ. ಹುಮನಾಬಾದ್ ದಾಟಿ ಹೈವೇಯಲ್ಲಿ ಸಸ್ತಾಪುರ ಬಂಗ್ಲಾ, ಅಲ್ಲಿಂದ ತಿರುಗಿದರೆ ಕಲ್ಯಾಣ. ಎರಡೂ ಕಡೆ ತೊಗರಿ ಹಳದಿ ಹೂವು ಬಿಟ್ಟಿತ್ತು. ಆ ಹೆಣ್ಣುಮಗಳಿಗೆ ಈಗ ವಯಸ್ಸಾಗಿದೆ, ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಇಂಥವರ ಮಗ ಅಂದೆ. ಗುರುತು ಹಿಡಿದಳು. ಬಂದ ವಿಷಯ ಹೇಳಿದೆ. ಆವತ್ತು ಬಾಟ್ಲಿ ಕೊಟ್ಟವನು ನಾನು, ಅಪ್ಪನಲ್ಲ ಅಂತ.

"ಯಾವ ವರ್ಷದ್ದಪ್ಪ?" ಅಂದಳು. "ಮಳಿ ಕೈ ಕೊಟ್ಟಿತ್ತಲ್ಲ, ಆ ವರ್ಷದ್ದಾ? ಹುಳ ತಿಂದಿದ್ದ ವರ್ಷದ್ದಾ?"

ವಿವರಿಸಿದೆ. ತಲೆಯಾಡಿಸಿದಳು. ನೆನಪಾಯಿತೋ, ನನ್ನ ಸಮಾಧಾನಕ್ಕೆ ಆಡಿಸಿದಳೋ ತಿಳಿಯಲಿಲ್ಲ. ನಾನು ಹನ್ನೆರಡು ವರ್ಷ ಹೊತ್ತು ತಿರುಗಿದ್ದು ಆಕೆಯ ಲೆಕ್ಕದಲ್ಲಿ ಹತ್ತಾರು ನಷ್ಟಗಳಲ್ಲಿ ಒಂದು. ಚಹಾ ಕೊಟ್ಟಳು. ಹೊರಡುವಾಗ ಒಳಗೆ ಹೋಗಿ ಖಾಲಿ ಬಾಟ್ಲಿಯಿಂದ ಕಿತ್ತಿಟ್ಟ ಹರಕು ಚೀಟಿ ತಂದಳು. "ಕಾಯಿ ಕೊರಿಯೋ ಹುಳ ಬೀಳ್ಲತ್ತಾವ. ಹೋದ ಸಲ ಇದೇ ಹೊಡದಿದ್ವಿ. ಇದೇ ಕೊಡಂತ ಹೇಳು ನಿಮ್ಮಪ್ಪಗ."

ಚೀಟಿಯ ಮೇಲಿನ ಅರ್ಧ ಇತ್ತು, ಕೆಳಗಿನ ಅರ್ಧ ಇರಲಿಲ್ಲ. ಶೇಕಡಾ ಎಷ್ಟು, ಯಾವ ರೂಪದ್ದು, ಅದೇ ಹರಿದು ಹೋಗಿತ್ತು. ಅಲ್ಲೇ ನಿಂತು ಅಪ್ಪನಿಗೆ ಫೋನ್ ಮಾಡಿ ಇದ್ದಷ್ಟನ್ನು ಒಂದೊಂದೇ ಅಕ್ಷರ ಓದಿದೆ. "ಉಳಿದದ್ದು?" ಅಂದರು. ಹರಿದದ ಅಂದೆ. "ಹಂಗಾದ್ರ ಕೊಡಲ್ಲ. ಎರಡು ಗಿಡದ ಕಾಯಿ, ಹುಳ ಸಮೇತ ತಗೊಂಡು ಬಾ, ನೋಡಿ ಹೇಳ್ತೀನಿ" ಅಂದರು. ಆಕೆ ಹೊಲಕ್ಕೆ ಕರೆದೊಯ್ದಳು. ಅದೇ ಒಡ್ಡಿನ ಪಕ್ಕದ ಗಿಡಗಳಿಂದಲೇ ಕಿತ್ತುಕೊಟ್ಟಳು.

ವಾಪಸು ಬಂದಾಗ ಅಣ್ಣನ ಮೆಸೇಜ್ ಬಂದಿತ್ತು. ಒಂದೇ ಫೋಟೊ: ಒಂದು ಕಡೆ ಡಬ್ಬಿ, ಪಕ್ಕದಲ್ಲಿ ಅದಕ್ಕೆ ತಯಾರಕರೇ ಕೊಟ್ಟ ಅಳತೆಯ ಪುಟ, ಅತಿ ಕಡಿಮೆ ಅಳತೆಯ ಸಾಲಿಗೆ ಪೆನ್ಸಿಲ್ ಗೆರೆ. ಈ ವಾರದ ಬೇಟೆಗೆ ಅಂಗಡಿಯ ತೋಟಾನೇ ಕೊಂಡನಂತೆ, ಇವನ್ನು ಆಮೇಲೆ ಶೂಟಿಂಗ್ ರೇಂಜಿನಲ್ಲಿ ಒಂದೊಂದೇ ಹೊಡೆದು ನೋಡುತ್ತಾನಂತೆ. ಅಪ್ಪ ಕನ್ನಡಕ ಏರಿಸಿ, ಎರಡು ಬೆರಳಲ್ಲಿ ಫೋಟೊ ಹಿಗ್ಗಿಸಿ, ಮೊದಲು ಡಬ್ಬಿ ಓದಿದರು. "ಐ... ಎಂ... ಆರ್... 4350." ಆಮೇಲೆ ಪುಟ. "ಐ... ಎಂ... ಆರ್... 4350." ಫೋನ್ ನನ್ನ ಕೈಗೆ ಕೊಟ್ಟು, ಕಾಯಿಯ ಚೀಲ ಬಿಚ್ಚಿದರು.